ಬದ್ನಿ ವೇಚೆರ್: ಬಲ್ಗೇರಿಯಾದ ಕ್ರಿಸ್‌ಮಸ್ ಮುನ್ನಾರಾತ್ರಿಯ ಊಟವನ್ನು ಕ್ರಮಬದ್ಧವಾಗಿ ಮಾಡುವುದು ಹೇಗೆ?

ಡಿಸೆಂಬರ್ 24ರ ರಾತ್ರಿ ಬಲ್ಗೇರಿಯಾದ ಮನೆಯಲ್ಲಿ ಊಟಕ್ಕೆ ಕುಳಿತರೆ ಎಲ್ಲರ ಊಟ ಮುಗಿಯುವ ತನಕ ಏಳುವಂತಿಲ್ಲ. ಉಪ್ಪು ಸಾಲದೆಂದು ಅಡುಗೆಮನೆಗೆ ಹೋಗುವಂತಿಲ್ಲ, ಫೋನ್ ಬಂತೆಂದು ಹೊರಗೆ ನಡೆಯುವಂತಿಲ್ಲ. ನಡುವೆ ಎದ್ದರೆ ಬರುವ ವರ್ಷ ಕೋಳಿಗಳು ಕಾವಿಗೆ ಕೂರದೆ ಎದ್ದು ಓಡುತ್ತವೆ ಎಂಬುದು ಹಳ್ಳಿಯ ನಂಬಿಕೆ. ತೀರಾ ಅನಿವಾರ್ಯವಾದರೆ ಮನೆಯ ಹಿರಿಯರೊಬ್ಬರು ಮಾತ್ರ ಏಳಬಹುದು. ಅವರೂ ಬೆನ್ನು ಬಾಗಿಸಿಕೊಂಡೇ ನಡೆಯಬೇಕು. ಹೊಲದ ತೆನೆ ಕಾಳಿನ ಭಾರಕ್ಕೆ ಹಾಗೆಯೇ ಬಾಗಲಿ ಎಂಬ ಹಾರೈಕೆ ಅದರಲ್ಲಿದೆ.

ಈ ಹಬ್ಬದ ಬಗ್ಗೆ ಹೇಳುವವರು ಸಾಮಾನ್ಯವಾಗಿ ಅಡುಗೆಗಳ ಪಟ್ಟಿಯಿಂದ ಶುರುಮಾಡುತ್ತಾರೆ. ನನ್ನ ಪ್ರಕಾರ ಶುರುಮಾಡಬೇಕಾದದ್ದು ಏಳಬಾರದೆಂಬ ಈ ಕಟ್ಟಳೆಯಿಂದ. ಯಾವ ಅಡುಗೆ ಆರಿದರೂ ರುಚಿ ಕೆಡುವುದಿಲ್ಲ, ಯಾವುದನ್ನು ಯಾವಾಗ ಒಲೆಗೇರಿಸಬೇಕು, ಮೇಜಿನ ಮೇಲೆ ಏನೇನು ಮೊದಲೇ ಬಂದು ಕೂರಬೇಕು ಎಂಬುದೆಲ್ಲ ಅದರಿಂದಲೇ ತೀರ್ಮಾನವಾಗುತ್ತದೆ. ಬಲ್ಗೇರಿಯನ್ ಸ್ನೇಹಿತರ ಮನೆಗೆ ಕರೆ ಬಂದವರಿಗೂ, ತಮ್ಮ ಮನೆಯಲ್ಲೇ ಒಮ್ಮೆ ಮಾಡಿ ನೋಡಬೇಕೆನ್ನುವವರಿಗೂ ಉಪಯೋಗವಾಗಲೆಂದು ಬೆಳಗಿನಿಂದ ಮರುದಿನದ ಸೂರ್ಯೋದಯದವರೆಗಿನ ಕ್ರಮವನ್ನು ಇಲ್ಲಿ ಕೊಟ್ಟಿದ್ದೇನೆ.

ಮೊದಲು ತಿಳಿದಿರಬೇಕಾದದ್ದು

ಬಲ್ಗೇರಿಯಾದವರು ಬಹುಪಾಲು ಆರ್ಥೊಡಾಕ್ಸ್ ಕ್ರೈಸ್ತರು. ರಷ್ಯಾ, ಸರ್ಬಿಯಾಗಳ ಆರ್ಥೊಡಾಕ್ಸ್ ಚರ್ಚುಗಳು ಜನವರಿ 7ರಂದು ಕ್ರಿಸ್‌ಮಸ್ ಆಚರಿಸಿದರೆ, ಬಲ್ಗೇರಿಯಾದ ಚರ್ಚು 1968ರಲ್ಲಿ ಪರಿಷ್ಕೃತ ಪಂಚಾಂಗಕ್ಕೆ ಬದಲಾಯಿತು. ಹಾಗಾಗಿ ಅಲ್ಲಿ ಕ್ರಿಸ್‌ಮಸ್, ಅವರ ಮಾತಿನಲ್ಲಿ ಕೋಲೆದಾ, ಡಿಸೆಂಬರ್ 25ಕ್ಕೇ ಬರುತ್ತದೆ. ಅದರ ಹಿಂದಿನ ಸಂಜೆಯೇ ಬದ್ನಿ ವೇಚೆರ್. ಕಮ್ಯುನಿಸ್ಟರ ಕಾಲದಲ್ಲಿ ಸರ್ಕಾರ ಹೊಸ ವರ್ಷವನ್ನು ಮೆರೆಸಿ ಕೋಲೆದಾವನ್ನು ಮೂಲೆಗೆ ತಳ್ಳಿತ್ತು. 1989ರ ನಂತರ ಹಬ್ಬ ಮತ್ತೆ ಬಹಿರಂಗಕ್ಕೆ ಬಂತು. ಈಗ 24ರಿಂದ 26ರವರೆಗೆ ಸರ್ಕಾರಿ ರಜೆ ಇರುತ್ತದೆ.

ನವೆಂಬರ್ 15ರಿಂದ ನಲವತ್ತು ದಿನಗಳ ಉಪವಾಸವ್ರತ ನಡೆಯುತ್ತದೆ. ಬದ್ನಿ ವೇಚೆರ್ ಅದರ ಕೊನೆಯ ದಿನ. ಆದ್ದರಿಂದ ಆ ರಾತ್ರಿಯ ಊಟದಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು, ಮೊಸರು, ಬೆಣ್ಣೆ ಯಾವುದೂ ಇರಕೂಡದು. ನಮ್ಮ ಸಸ್ಯಾಹಾರಕ್ಕಿಂತ ಇದು ಬಿಗಿ. ತುಪ್ಪದ ಒಂದು ಹನಿಯೂ ಸಲ್ಲದು. ಜೇನುತುಪ್ಪ, ಎಣ್ಣೆ, ದ್ರಾಕ್ಷಾರಸ ಇರಬಹುದು. ಅತಿಥಿಯಾಗಿ ಹೋಗುವವರು ಮೈಸೂರ್ ಪಾಕ್ ಒಯ್ದರೆ ಅದನ್ನು ಪಕ್ಕಕ್ಕಿಟ್ಟು ಮರುದಿನ ತಿನ್ನುತ್ತಾರೆ. ಕಡಲೆಕಾಯಿ ಚಿಕ್ಕಿ ಒಯ್ದರೆ ಆ ರಾತ್ರಿಯೇ ಮೇಜಿಗೆ ಬರುತ್ತದೆ.

ಹಿಂದಿನ ರಾತ್ರಿ ಮತ್ತು ಬೆಳಿಗ್ಗೆ: ನೆನೆಹಾಕುವ ಕೆಲಸ

23ರ ರಾತ್ರಿಯೇ ಬಿಳಿ ಬೀನ್ಸ್ ಕಾಳನ್ನು ನೆನೆಹಾಕಿ. ಬಲ್ಗೇರಿಯಾದಲ್ಲಿ ರೊದೋಪಿ ಬೆಟ್ಟಗಳ ಸ್ಮಿಲ್ಯಾನ್ ಊರಿನ ಕಾಳಿಗೆ ದೊಡ್ಡ ಹೆಸರಿದೆ. ನಮ್ಮಲ್ಲಿ ಸಿಗುವ ಬಿಳಿ ರಾಜ್ಮಾ ಸಾಕು. ಬೇರೊಂದು ಪಾತ್ರೆಯಲ್ಲಿ ಇಡೀ ಗೋಧಿ, ಇನ್ನೊಂದರಲ್ಲಿ ಒಣಗಿದ ಪ್ಲಮ್, ಸೇಬು, ಪೇರ್, ಏಪ್ರಿಕಾಟ್ ನೆನೆಯಲಿ.

ಬೆಳಿಗ್ಗೆ ಗೋಧಿಯನ್ನು ಬೇಯಿಸಿ ಬಸಿದು, ಸಕ್ಕರೆ ಮತ್ತು ಜಜ್ಜಿದ ಅಕ್ರೋಟು ಬೆರೆಸಿಡಿ. ಒಣಹಣ್ಣನ್ನು ನೆನೆದ ನೀರಿನಲ್ಲೇ ಹದಿನೈದು ನಿಮಿಷ ಕುದಿಸಿದರೆ ಒಶಾವ್ ಸಿದ್ಧ. ಹಣ್ಣಿನ ಸಿಹಿಯೇ ಸಾಕಷ್ಟಿರುವುದರಿಂದ ಸಕ್ಕರೆ ಬೇಕಾಗುವುದಿಲ್ಲ. ಅದು ತಣ್ಣಗಾದಷ್ಟೂ ರುಚಿ.

ಬದ್ನಿಕ್: ರಾತ್ರಿಯಿಡೀ ಉರಿಯುವ ಕೊರಡು

ಹಳ್ಳಿಯ ಕ್ರಮದಲ್ಲಿ ಆ ದಿನದ ಮೊದಲ ದೊಡ್ಡ ಕೆಲಸ ಇದು. ಮನೆಯ ಯುವಕ ಹಬ್ಬದ ಬಟ್ಟೆ ತೊಟ್ಟು ಕಾಡಿಗೆ ಹೋಗಿ ಓಕ್, ಬೀಚ್ ಅಥವಾ ಪೇರ್ ಮರವನ್ನು ಆರಿಸುತ್ತಾನೆ. ಕಡಿಯುವ ಮುನ್ನ ಮರದ ಕ್ಷಮೆ ಕೇಳುತ್ತಾನೆ. ಕಡಿದ ಮರವನ್ನು ನೆಲಕ್ಕೆ ತಾಗಿಸದೆ ಬಲಹೆಗಲ ಮೇಲೆ ಹೊತ್ತು ತರಬೇಕು. ಹೊಸ್ತಿಲಲ್ಲಿ ನಿಂತು "ಸ್ಲಾವಿತೆ ಲಿ ಮ್ಲಾದಾ ಬೋಗಾ?" ಎಂದು ಕೇಳುತ್ತಾನೆ. ಎಳೆಯ ದೇವರನ್ನು ಸ್ತುತಿಸುತ್ತೀರಾ ಎಂದರ್ಥ. ಒಳಗಿನವರು "ಸ್ಲಾವಿಮ್, ಸ್ಲಾವಿಮ್, ದೋಬ್ರೆ ನಿ ದೋಶಲ್" ಎನ್ನುತ್ತಾರೆ: ಸ್ತುತಿಸುತ್ತೇವೆ, ನಿನಗೆ ಸ್ವಾಗತ.

ಆಮೇಲೆ ಕೊರಡಿನ ದಪ್ಪ ತುದಿಯಲ್ಲಿ ತೂತು ಕೊರೆದು ಅದರಲ್ಲಿ ದ್ರಾಕ್ಷಾರಸ, ಎಣ್ಣೆ, ಧೂಪ ತುಂಬಿ ಮೇಣದಿಂದ ಮುಚ್ಚುತ್ತಾರೆ. ಬಿಳಿ ನಾರುಬಟ್ಟೆ ಸುತ್ತಿ ಒಲೆಗೆ ಹಾಕುತ್ತಾರೆ. ಬೆಂಕಿ ಬೆಳಗಿನವರೆಗೂ ಆರಬಾರದು, ಅದಕ್ಕಾಗಿ ಯಾರಾದರೂ ಕಾವಲು ಕೂರುತ್ತಾರೆ. ಕೆಂಡವನ್ನು ಕೆದಕಿ ಕಿಡಿ ಹಾರಿಸುತ್ತ, ಇಷ್ಟು ಕಿಡಿಗಳಷ್ಟು ಕುರಿಮರಿ, ಕೋಳಿಮರಿ, ಮಕ್ಕಳು ಆಗಲಿ ಎಂದು ಹಾರೈಸುತ್ತಾರೆ. ಉಳಿದ ಬೂದಿ ಹೊಲಕ್ಕೂ ಹೋಗುತ್ತದೆ, ಔಷಧಿಯೂ ಆಗುತ್ತದೆ. ಸುಡದೆ ಉಳಿದ ತುಂಡಿನಿಂದ ನೇಗಿಲಿಗೆ ಬೆಣೆ ಮಾಡುವುದೂ ಉಂಟು.

ಫ್ಲ್ಯಾಟಿನಲ್ಲಿ ಇರುವವರು ಏನು ಮಾಡಬೇಕು? ಒಂದು ದಪ್ಪ ಮೇಣದ ಬತ್ತಿ ಹಚ್ಚಿ, ಅಷ್ಟು ಸಾಕು. ರಾಜಧಾನಿ ಸೋಫಿಯಾದ ಅಪಾರ್ಟ್‌ಮೆಂಟುಗಳಲ್ಲಿ ಸೌದೆ ಒಲೆಯೇ ಇಲ್ಲದ ಮೇಲೆ ಕೊರಡೆಲ್ಲಿಂದ ಬರಬೇಕು? ಬ್ಯಾಟರಿಯಲ್ಲಿ ಮಿನುಗುವ ಪ್ಲಾಸ್ಟಿಕ್ ಕೊರಡು ಮಾತ್ರ ಬೇಡ. ಇಲ್ಲದ್ದನ್ನು ಇಲ್ಲವೆಂದು ಬಿಡುವುದು ಹೆಚ್ಚು ಮರ್ಯಾದೆಯ ಕೆಲಸ.

ರೊಟ್ಟಿ: ಇದರಲ್ಲಿ ಆತುರ ಸಲ್ಲದು

ಆ ರಾತ್ರಿಯ ನಡುವಿನ ವಸ್ತು ರೊಟ್ಟಿ. ಉಳಿದ ಅಡುಗೆಗಳಲ್ಲಿ ಒಂದೆರಡು ಬಿಟ್ಟುಹೋದರೂ ನಡೆಯುತ್ತದೆ, ರೊಟ್ಟಿ ಮಾತ್ರ ಇರಲೇಬೇಕು. ಹಿಂದೆ ಮೂರು ಬಗೆಯವನ್ನು ಮಾಡುತ್ತಿದ್ದರು. ಮೊದಲನೆಯದು ಹಬ್ಬಕ್ಕೆ, ದೇವರಿಗೆ ಮೀಸಲು. ಹಲವೆಡೆ ಅದನ್ನು ಬೊಗೊವಿತ್ಸಾ ಎನ್ನುತ್ತಾರೆ. ಎರಡನೆಯದು ಮನೆಯ ಕಸುಬಿಗೆ: ಅದರ ಮೇಲೆ ಹಿಟ್ಟಿನಿಂದಲೇ ನೇಗಿಲು, ಕುರಿದೊಡ್ಡಿ, ದ್ರಾಕ್ಷಿತೋಟ ಮೂಡಿಸುತ್ತಾರೆ. ಮೂರನೆಯದು ನಡುರಾತ್ರಿ ಹಾಡಲು ಬರುವ ಕೋಲೆದಾರಿಗಳಿಗೆ, ನಡುವೆ ತೂತಿರುವ ಬಳೆಯಾಕಾರದ ಕ್ರಾವಾಯ್.

ಹಿಟ್ಟನ್ನು ಮೂರು ಸಲ ಜರಡಿ ಹಿಡಿಯುವುದು ವಾಡಿಕೆ. ಕಲಸಲು "ಮೌನದ ನೀರು" ಬೇಕು. ಬಾವಿ ಅಥವಾ ಚಿಲುಮೆಯಿಂದ ಮನೆಗೆ ಬರುವವರೆಗೆ ತರುವವಳು ಯಾರೊಡನೆಯೂ ಮಾತಾಡದೆ ತಂದ ನೀರು ಅದು. ನಲ್ಲಿಯ ನೀರು ಹಿಡಿದು ಕಲಸುವವರೂ ಆ ಹೊತ್ತಿಗೆ ಬಾಯಿ ಮುಚ್ಚಿಕೊಂಡಿದ್ದರೆ ಕ್ರಮ ಉಳಿದಂತೆಯೇ.

ಮನೆಯಲ್ಲಿ ಮಾಡಲು ಸೋಡಾ ಹಾಕಿದ ಪಿತ್ಕಾ ಸುಲಭ. ಆರು ಜನಕ್ಕೆ ಸಾಕಾಗುವ ಒಂದು ರೊಟ್ಟಿಗೆ:

ಮೈದಾ 500 ಗ್ರಾಂ, ಅಡುಗೆ ಸೋಡಾ 1 ಚಹಾ ಚಮಚ, ಉಪ್ಪು ಒಂದೂವರೆ ಚಹಾ ಚಮಚ, ಸೂರ್ಯಕಾಂತಿ ಎಣ್ಣೆ 3 ದೊಡ್ಡ ಚಮಚ, ವಿನೆಗರ್ 1 ದೊಡ್ಡ ಚಮಚ, ಉಗುರುಬೆಚ್ಚಗಿನ ನೀರು ಸುಮಾರು 300 ಮಿಲಿ.

ಹಿಟ್ಟು, ಸೋಡಾ, ಉಪ್ಪನ್ನು ಒಟ್ಟಿಗೆ ಜರಡಿ ಹಿಡಿದು ನಡುವೆ ಗುಳಿ ಮಾಡಿ. ಎಣ್ಣೆ, ವಿನೆಗರ್ ಮತ್ತು ಮುಕ್ಕಾಲು ಪಾಲು ನೀರು ಹಾಕಿ ಕಲಸಿ. ಚಪಾತಿ ಹಿಟ್ಟಿಗಿಂತ ತುಸು ಮೆತ್ತಗಿರಲಿ. ಉಳಿದ ನೀರನ್ನು ನೋಡಿಕೊಂಡು ಸೇರಿಸಿ. ಹೆಚ್ಚು ನಾದಬೇಡಿ, ಎರಡು ಮೂರು ನಿಮಿಷ ಸಾಕು. ನಿಂಬೆಗಾತ್ರದ ಉಂಡೆಯೊಂದನ್ನು ಅಲಂಕಾರಕ್ಕೆ ತೆಗೆದಿಡಿ. ಉಳಿದದ್ದನ್ನು ಗುಂಡಗೆ ಮಾಡಿ ಎಣ್ಣೆ ಸವರಿದ ತಟ್ಟೆಯಲ್ಲಿಟ್ಟು ಎರಡು ಬೆರಳು ದಪ್ಪಕ್ಕೆ ತಟ್ಟಿ.

ಈಗ ನಾಣ್ಯ. ಬೆಳ್ಳಿಯದಾದರೆ ಒಳ್ಳೆಯದು. ಚೆನ್ನಾಗಿ ತೊಳೆದು, ಕುದಿಸಿ, ಫಾಯಿಲ್ ಕಾಗದದಲ್ಲಿ ಸುತ್ತಿ ರೊಟ್ಟಿಯ ತಳದಿಂದ ಒಳಗೆ ತೂರಿಸಿ. ಮೇಲಿನಿಂದ ತೂರಿಸಿದರೆ ಗುರುತು ಉಳಿದು ಗುಟ್ಟು ರಟ್ಟಾಗುತ್ತದೆ. ತೆಗೆದಿಟ್ಟ ಉಂಡೆಯಿಂದ ಶಿಲುಬೆ, ಗೋಧಿ ತೆನೆ, ಹಕ್ಕಿ, ದ್ರಾಕ್ಷಿಗೊಂಚಲು ಹೀಗೆ ಏನು ಬಂದರೂ ಮಾಡಿ ನೀರು ಸವರಿ ಅಂಟಿಸಿ. ಫೋರ್ಕಿನ ಮೊನೆ, ಲೋಟದ ಅಂಚು, ದಾರದ ಉಂಡೆಯ ತುದಿ ಒತ್ತಿದರೂ ಚಂದದ ಅಚ್ಚು ಮೂಡುತ್ತದೆ. ಸೋಡಾ ವಿನೆಗರಿನೊಂದಿಗೆ ಸೇರಿದ ಕೂಡಲೇ ಕೆಲಸ ಶುರುಮಾಡುವುದರಿಂದ ಅಲಂಕಾರಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳಬೇಡಿ. ಮೊದಲೇ ಕಾಯಿಸಿದ ಓವನ್ನಿನಲ್ಲಿ 200 ಡಿಗ್ರಿಯಲ್ಲಿ 35ರಿಂದ 40 ನಿಮಿಷ ಬೇಯಿಸಿ. ತಳವನ್ನು ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಬೆಂದಿದೆ. ಬಟ್ಟೆಯಲ್ಲಿ ಸುತ್ತಿಡಿ, ಮೇಲ್ಪದರ ಮೆದುವಾಗಿ ಕೈಯಲ್ಲಿ ಮುರಿಯಲು ಹಿತವಾಗುತ್ತದೆ. ಈ ರೊಟ್ಟಿಗೆ ಚಾಕು ತಾಗಿಸುವುದಿಲ್ಲ.

ಅಡುಗೆಗಳು: ಏಳು, ಒಂಬತ್ತು ಅಥವಾ ಹನ್ನೊಂದು

ಅಡುಗೆಗಳ ಸಂಖ್ಯೆ ಬೆಸವಾಗಿರಬೇಕು. ಕೆಲವು ಊರುಗಳಲ್ಲಿ ತಿಂಗಳಿಗೊಂದರಂತೆ ಹನ್ನೆರಡು ಇಡುವುದೂ ಉಂಟು. ಹನ್ನೊಂದು ಎಂದಾಕ್ಷಣ ಗಾಬರಿ ಬೇಡ: ರೊಟ್ಟಿ, ಜೇನು, ಬೆಳ್ಳುಳ್ಳಿ, ಅಕ್ರೋಟು, ಉಪ್ಪಿನಕಾಯಿಗಳನ್ನೂ ಲೆಕ್ಕಕ್ಕೆ ಹಿಡಿಯುವ ಮನೆಗಳೇ ಹೆಚ್ಚು. ನಿಜವಾಗಿ ಒಲೆಯ ಮುಂದೆ ನಿಲ್ಲಬೇಕಾದವು ನಾಲ್ಕೈದು ಅಷ್ಟೆ.

ಬೀನ್ಸ್ ತುಂಬಿದ ಒಣ ಮೆಣಸಿನಕಾಯಿ ನನಗೆ ಎಲ್ಲಕ್ಕಿಂತ ಇಷ್ಟ. ಬಲ್ಗೇರಿಯಾದವರು ಶರತ್ಕಾಲದಲ್ಲಿ ಖಾರವಿಲ್ಲದ ದೊಡ್ಡ ಕೆಂಪು ಮೆಣಸಿನಕಾಯಿಯನ್ನು ದಾರಕ್ಕೆ ಪೋಣಿಸಿ ಗೋಡೆಗೆ ತೂಗುಹಾಕಿ ಒಣಗಿಸುತ್ತಾರೆ. ಅವನ್ನು ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿದರೆ ಚರ್ಮದಂತೆ ಮೆತ್ತಗಾಗುತ್ತವೆ. ಬೆಂದ ಬೀನ್ಸಿನಲ್ಲಿ ಅರ್ಧದಷ್ಟನ್ನು ಮಸೆದು, ಎಣ್ಣೆಯಲ್ಲಿ ಕೆಂಪಗೆ ಹುರಿದ ಈರುಳ್ಳಿ, ಕೆಂಪು ಮೆಣಸಿನಪುಡಿ, ಒಣಗಿದ ಪುದೀನ, ಉಪ್ಪು, ಒಂದು ಹಿಡಿ ಅಕ್ರೋಟಿನ ಚೂರು ಬೆರೆಸಿ ತುಂಬಿ. ತಟ್ಟೆಯಲ್ಲಿ ಮಲಗಿಸಿ, ಬೀನ್ಸ್ ಬೆಂದ ನೀರು ಒಂದು ಸೌಟು, ಎಣ್ಣೆ ಎರಡು ಚಮಚ ಸುರಿದು 180 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸಿ. ತುದಿಗಳು ಸ್ವಲ್ಪ ಸೀದು ಗರಿಗರಿಯಾಗಬೇಕು, ರುಚಿ ಇರುವುದೇ ಅಲ್ಲಿ. ನಮ್ಮ ಪೇಟೆಯಲ್ಲಿ ಈ ಒಣಮೆಣಸಿನಕಾಯಿ ಸಿಗುವುದಿಲ್ಲ. ಕೆಂಪು ದೊಣ್ಣೆಮೆಣಸಿನಕಾಯಿ ಬಳಸಿ, ಪುಡಿಗೆ ಮಾತ್ರ ಬ್ಯಾಡಗಿ ಒಳ್ಳೆಯದು: ಬಣ್ಣ ಬರುತ್ತದೆ, ಖಾರ ಮಿತಿ ಮೀರುವುದಿಲ್ಲ.

ಎರಡನೆಯದು ಸರ್ಮಿ. ಪೀಪಾಯಿಯಲ್ಲಿ ಉಪ್ಪುನೀರಿಗೆ ಹಾಕಿ ಹುಳಿ ಬರಿಸಿದ ಇಡೀ ಎಲೆಕೋಸಿನ ಎಲೆ ಅಥವಾ ದ್ರಾಕ್ಷಿ ಎಲೆಯಲ್ಲಿ ಅನ್ನದ ಹೂರಣ ಸುತ್ತುತ್ತಾರೆ. ಈರುಳ್ಳಿಯನ್ನು ಧಾರಾಳ ಎಣ್ಣೆಯಲ್ಲಿ ಬಾಡಿಸಿ, ಒಂದು ಲೋಟ ಅಕ್ಕಿ, ತುರಿದ ಕ್ಯಾರೆಟ್, ಕೆಂಪು ಮೆಣಸಿನಪುಡಿ, ಪುದೀನ ಹಾಕಿ ಅರ್ಧ ಬೇಯಿಸಿ. ಕಿರುಬೆರಳಿನಷ್ಟು ಹೂರಣ ಇಟ್ಟು ಬಿಗಿಯಾಗಿ ಸುತ್ತಿ, ಮಡಿಕೆ ಕೆಳಗಾಗುವಂತೆ ಪಾತ್ರೆಯಲ್ಲಿ ಒತ್ತೊತ್ತಾಗಿ ಜೋಡಿಸಿ. ಮೇಲೊಂದು ತಟ್ಟೆ ಕವುಚಿ, ಮುಳುಗುವಷ್ಟು ನೀರು ಹಾಕಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ. ಹುಳಿ ಎಲೆ ಸಿಗದಿದ್ದರೆ ಎಲೆಕೋಸಿನ ಎಲೆಗಳನ್ನು ಉಪ್ಪು, ವಿನೆಗರ್ ಹಾಕಿದ ಕುದಿನೀರಿನಲ್ಲಿ ಬಾಡಿಸಿಕೊಳ್ಳಿ.

ತಿಕ್ವೆನಿಕ್‌ಗೆ ಕಾಗದದಷ್ಟು ತೆಳುವಾದ ಹಿಟ್ಟಿನ ಫಿಲೋ ಹಾಳೆಗೆ ಎಣ್ಣೆ ಸವರಿ, ತುರಿದ ಸಿಹಿಕುಂಬಳ, ಸಕ್ಕರೆ, ಅಕ್ರೋಟು, ದಾಲ್ಚಿನ್ನಿ ಪುಡಿ ಹರಡಿ ಸುರುಳಿ ಸುತ್ತಿ ಬೇಯಿಸಿದರಾಯಿತು. ಬೀನ್ಸ್ ಸಾರು, ಹುಳಿ ತರಕಾರಿ, ಸೇಬು, ಬೇಯಿಸಿದ ಗೋಧಿ ಉಳಿದ ಲೆಕ್ಕ ತುಂಬುತ್ತವೆ. ಕುಡಿಯಲು ಕೆಂಪು ವೈನ್, ಹಣ್ಣಿನ ಮದ್ಯ ರಾಕಿಯಾ.

ಈ ಊಟವನ್ನು ಕ್ರೈಸ್ತಪೂರ್ವ ಕಾಲದ್ದು, ಸಾವಿರಾರು ವರ್ಷ ಹಳೆಯದು ಎಂದು ಬಣ್ಣಿಸುವವರಿದ್ದಾರೆ. ಕ್ರಮ ಹಳೆಯದಿರಬಹುದು. ಆದರೆ ಬೀನ್ಸ್, ಮೆಣಸಿನಕಾಯಿ, ಸಿಹಿಕುಂಬಳ, ಸೂರ್ಯಕಾಂತಿ ಎಲ್ಲವೂ ಅಮೆರಿಕ ಖಂಡದಿಂದ ಕೊಲಂಬಸ್‌ನ ನಂತರ ಬಂದವು. ಕೋಲೆದಾರಿಗಳ ಟೋಪಿಗೆ ಪೋಣಿಸುವ ಪಾಪ್‌ಕಾರ್ನ್ ಕೂಡ ಹಾಗೆಯೇ. ಗೋಧಿ, ಬೆಳ್ಳುಳ್ಳಿ, ಅಕ್ರೋಟು, ಜೇನು, ದ್ರಾಕ್ಷಾರಸ ಹಳೆಯ ಮೇಜಿನವು. ಯಾವುದನ್ನಾದರೂ ಬಿಡಬೇಕೆಂದಾದರೆ ಹೊಸಬರನ್ನು ಬಿಡಿ, ಈ ಐದನ್ನು ಉಳಿಸಿಕೊಳ್ಳಿ.

ಮೇಜು ಜೋಡಿಸುವುದು

ಹಿಂದೆ ನೆಲದ ಮೇಲೆ ಹುಲ್ಲು ಹರಡಿ, ಅದರ ಮೇಲೆ ಬಟ್ಟೆ ಹಾಸಿ ಬಡಿಸುತ್ತಿದ್ದರು. ಯೇಸು ಹುಟ್ಟಿದ ಗೋದಲಿಯ ನೆನಪಿಗೆ. ಈಗ ಮೇಜುಬಟ್ಟೆಯ ಕೆಳಗೆ ಒಂದು ಹಿಡಿ ಒಣಹುಲ್ಲು ಹರಡಿದರೆ ಸಾಕು. ನಡುವೆ ರೊಟ್ಟಿ, ಅದರ ಪಕ್ಕ ಗೋಧಿಕಾಳು ತುಂಬಿದ ಬಟ್ಟಲಿನಲ್ಲಿ ನಿಲ್ಲಿಸಿದ ಮೇಣದ ಬತ್ತಿ.

ಬಡಿಸುವ ಎಲ್ಲ ಪಾತ್ರೆ, ನೀರಿನ ಹೂಜಿ, ಹೆಚ್ಚುವರಿ ಚಮಚ, ಕರವಸ್ತ್ರ, ಅಕ್ರೋಟು ಒಡೆಯುವ ಇಕ್ಕಳ, ಬೆಂಕಿಪೆಟ್ಟಿಗೆ, ಮಗುವಿಗೆ ಬೇಕಾದದ್ದು ಎಲ್ಲವನ್ನೂ ಕೈಗೆಟಕುವಂತೆ ಇಡಿ. ಮೇಜಿನಲ್ಲಿ ಜಾಗ ಸಾಲದಿದ್ದರೆ ಪಕ್ಕದಲ್ಲೊಂದು ಸ್ಟೂಲ್ ಇರಲಿ. ಅಡುಗೆಯ ಒಲೆ, ಗ್ಯಾಸ್ ಆರಿಸಿ, ಶೌಚಾಲಯಕ್ಕೆ ಹೋಗಿ ಬಂದು, ಆಮೇಲೆ ಕುಳಿತುಕೊಳ್ಳಿ. ಮೇಲಿನ ಅಡುಗೆಗಳೆಲ್ಲ ಆರಿದ ಮೇಲೂ ತಿನ್ನಲು ಚೆನ್ನಾಗಿರುವವೇ, ಹಾಗಾಗಿ ಬಿಸಿ ಮಾಡಲು ಯಾರೂ ಓಡಬೇಕಾಗಿಲ್ಲ.

ಧೂಪ, ರೊಟ್ಟಿ ಮುರಿಯುವುದು, ಊಟ

ಊಟ ಬೇಗ ಶುರುವಾಗಬೇಕು, ಕತ್ತಲಾಗುತ್ತಿದ್ದಂತೆಯೇ. ಬೇಗ ಕುಳಿತರೆ ಪೈರೂ ಬೇಗ ಮಾಗುತ್ತದೆ ಎನ್ನುತ್ತಾರೆ.

ಮನೆಯ ಹಿರಿಯರು ಕೆಂಡದ ಮೇಲೆ ಧೂಪ ಹಾಕಿ ಮೊದಲು ಮೇಜಿಗೆ, ಆಮೇಲೆ ಕೋಣೆ ಕೋಣೆಗೂ, ಹಳ್ಳಿಯಲ್ಲಾದರೆ ಕೊಟ್ಟಿಗೆಗೂ ಹೊಗೆ ತೋರಿಸುತ್ತಾರೆ. ಕೆಂಡ ಇಡಲು ನೇಗಿಲ ಗುಳ ಅಥವಾ ಹೆಂಚಿನ ತುಂಡನ್ನು ಬಳಸುತ್ತಿದ್ದರು. ಮನೆಯಲ್ಲಿರುವ ಧೂಪದಾರತಿಯೇ ಆದೀತು. ಹೊಗೆ ಪತ್ತೆಹಚ್ಚುವ ಅಲಾರಂ ಇರುವ ಮನೆಯಾದರೆ ಮುಂಚೆಯೇ ಕಿಟಕಿ ತೆರೆದಿಡಿ. ಪ್ರಾರ್ಥನೆಯಾದ ಮೇಲೆ ಹಿರಿಯರು ರೊಟ್ಟಿಯನ್ನು ಎತ್ತಿ ಹಿಡಿದು ಮುರಿಯುತ್ತಾರೆ. ಮೊದಲ ತುಂಡು ದೇವಮಾತೆಗೆ, ಅದು ಅವಳ ಚಿತ್ರದ ಮುಂದೆ ಹೋಗುತ್ತದೆ. ಆಮೇಲೆ ಮನೆಗೊಂದು, ತೀರಿಹೋದವರಿಗೊಂದು, ದನಕರುಗಳಿಗೊಂದು. ನಂತರ ವಯಸ್ಸಿನ ಕ್ರಮದಲ್ಲಿ ಹಿರಿಯರಿಂದ ಕಿರಿಯರವರೆಗೆ. ಮನೆಯಿಂದ ದೂರ ಇರುವವರ ಹೆಸರಿನಲ್ಲೂ ತುಂಡು ತೆಗೆಯಬಹುದು.

ನಾಣ್ಯ ಯಾರ ತುಂಡಿನಲ್ಲಿ ಸಿಕ್ಕಿತೋ ವರ್ಷದ ಅದೃಷ್ಟ ಅವರದು. ಮನೆಯ ತುಂಡಿನಲ್ಲಿ ಸಿಕ್ಕರೆ ಎಲ್ಲರಿಗೂ ಸಂತೋಷ. ಮಕ್ಕಳಿರುವಲ್ಲಿ ನಾಣ್ಯ ಸಿಗುವವರೆಗೂ ನಿಧಾನವಾಗಿ ಅಗಿಯುವಂತೆ ಎಚ್ಚರಿಸಿ.

ಮೇಜಿನ ಮೇಲಿನ ಪ್ರತಿಯೊಂದನ್ನೂ ಒಂದು ತುತ್ತಾದರೂ ತಿನ್ನಬೇಕು. ಇಷ್ಟವಿಲ್ಲದ್ದನ್ನು ದಾಟಿಸುವ ಹಾಗಿಲ್ಲ, ಅತಿಥಿಗಳು ಇದನ್ನು ನೆನಪಿಟ್ಟುಕೊಳ್ಳಿ. ಕೊನೆಯಲ್ಲಿ ಒಬ್ಬೊಬ್ಬರೂ ಒಂದೊಂದು ಅಕ್ರೋಟು ಒಡೆಯುತ್ತಾರೆ. ತಿರುಳು ತುಂಬಿದ್ದರೆ ಆರೋಗ್ಯದ ವರ್ಷ, ಟೊಳ್ಳು ಅಥವಾ ಕಪ್ಪಾಗಿದ್ದರೆ ಎಚ್ಚರಿಕೆ. ಆತಿಥೇಯರಿಗೊಂದು ಕಿವಿಮಾತು: ಹೊಸ ಬೆಳೆಯ ಒಳ್ಳೆಯ ಅಕ್ರೋಟನ್ನೇ ಕೊಳ್ಳಿ.

ಊಟವಾದ ಮೇಲೆ

ಎಲ್ಲರೂ ಒಟ್ಟಿಗೇ ಏಳುತ್ತಾರೆ. ಆದರೆ ಮೇಜು ತೆರವು ಮಾಡುವುದಿಲ್ಲ. ಆ ರಾತ್ರಿ ತೀರಿಹೋದ ಹಿರಿಯರು ಬಂದು ಉಣ್ಣುತ್ತಾರೆಂದು ಎಡೆಯನ್ನು ಬೆಳಗಿನವರೆಗೆ ಹಾಗೆಯೇ ಬಿಡುತ್ತಾರೆ. ಸಾರು, ಅನ್ನದ ಪದಾರ್ಥ ಕೆಡುವ ಬಿಸಿಲೂರಿನಲ್ಲಿ ಇರುವವರು ರೊಟ್ಟಿ, ಅಕ್ರೋಟು, ಜೇನು, ವೈನ್ ಮಾತ್ರ ಬಿಟ್ಟು ಉಳಿದದ್ದನ್ನು ಫ್ರಿಜ್ಜಿಗೆ ಸೇರಿಸಿ.

ಮಲಗುವ ಮುನ್ನ ಮಕ್ಕಳಿಗೆ ಮಾಡಿ ತೋರಿಸಲು ಒಂದು ಕೆಲಸವಿದೆ. ಈರುಳ್ಳಿಯ ಪದರಗಳಿಂದ ಹನ್ನೆರಡು ಬಟ್ಟಲು ಬಿಡಿಸಿ, ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಒಂದು ತಿಂಗಳ ಹೆಸರಿಟ್ಟು ಚಿಟಿಕೆ ಉಪ್ಪು ಹಾಕಿ. ಬೆಳಿಗ್ಗೆ ಯಾವುದರಲ್ಲಿ ಉಪ್ಪು ನೀರಾಗಿದೆಯೋ ಆ ತಿಂಗಳು ಮಳೆ. ಹವಾಮಾನ ಇಲಾಖೆಗೆ ಪೈಪೋಟಿ ಕೊಡದಿದ್ದರೂ ಮಕ್ಕಳು ಬೇಗ ಏಳುತ್ತಾರೆ.

ನಡುರಾತ್ರಿ: ಕೋಲೆದಾರಿಗಳು

ಮದುವೆಯಾಗದ ಯುವಕರ ಗುಂಪು ನಡುರಾತ್ರಿಯಿಂದ ಸೂರ್ಯೋದಯದವರೆಗೆ ಮನೆಮನೆಗೂ ಹೋಗಿ ಹಾಡುತ್ತದೆ. ಆ ಹೊತ್ತಿನಲ್ಲಿ ಕರಾಕೊಂಜುಲ್‌ನಂಥ ದುಷ್ಟಶಕ್ತಿಗಳು ಓಡಾಡುತ್ತವೆ, ಹಾಡು ಅವನ್ನು ಓಡಿಸುತ್ತದೆ ಎಂಬ ನಂಬಿಕೆ. ಇಗ್ನಾಜ್ದೆನ್ ಹಬ್ಬದಿಂದ, ಅಂದರೆ ಡಿಸೆಂಬರ್ 20ರಿಂದಲೇ ಅವರ ತಾಲೀಮು ನಡೆದಿರುತ್ತದೆ. ನಾಯಕನನ್ನು ಸ್ತಾನೆನಿಕ್ ಎನ್ನುತ್ತಾರೆ. ಟೋಪಿಗೆ ಹಸಿರೆಲೆ, ಪಾಪ್‌ಕಾರ್ನ್ ಸರ, ಕೈಯಲ್ಲಿ ಕೆತ್ತನೆಯ ಕೋಲು. ಯಾಂಬೋಲ್ ಪಟ್ಟಣದ ಕೋಲೆದಾರಿಗಳು ದೇಶಕ್ಕೇ ಹೆಸರುವಾಸಿ.

ಹಾಡುಗಳು ಮನೆಯವರನ್ನು ನೋಡಿಕೊಂಡು ಬದಲಾಗುತ್ತವೆ: ಯಜಮಾನನಿಗೊಂದು, ಮದುವೆಗೆ ಬಂದ ಹುಡುಗಿಗೊಂದು, ಕೂಸಿಗೊಂದು, ಕುರುಬನಿಗೊಂದು. ಬಾಗಿಲು ತೆರೆದು ಪೂರ್ತಿ ಕೇಳಿ. ಹಾಡು ಮುಗಿದ ಮೇಲೆ ಮನೆಯ ಹುಡುಗಿ ಕ್ರಾವಾಯ್ ಕೊಡುತ್ತಾಳೆ, ಸ್ತಾನೆನಿಕ್ ಅದನ್ನು ಹಿಡಿದು ಉದ್ದನೆಯ ಹರಕೆಯ ಮಾತು ಹೇಳುತ್ತಾನೆ, ಉಳಿದವರು "ಅಮಿನ್!" ಎಂದು ಕೂಗುತ್ತಾರೆ. ಜೊತೆಗೆ ವೈನ್, ಅಕ್ರೋಟು, ಸ್ವಲ್ಪ ಹಣ ಕೊಡುವುದು ರೂಢಿ. ಬಂದದ್ದನ್ನೆಲ್ಲ ಹೊರುವವನಿಗೆ ಗುಂಪಿನಲ್ಲಿ "ಕತ್ತೆ" ಎಂದೇ ಹೆಸರು. ಸೂರ್ಯ ಹುಟ್ಟಿದ ಮೇಲೆ ಹಾಡುವಂತಿಲ್ಲ.

25ರ ಬೆಳಿಗ್ಗೆ

ಮೇಜುಬಟ್ಟೆಯನ್ನು ತುಣುಕುಗಳ ಸಮೇತ ಮಡಚಿ ಹೊರಗೆ ಕೊಡವಿ. ಕೆಳಗಿದ್ದ ಹುಲ್ಲನ್ನು ಹಣ್ಣಿನ ಮರಗಳ ಕಾಂಡಕ್ಕೆ ಕಟ್ಟುತ್ತಾರೆ. ಕಾಯಿ ಬಿಡದ ಮರಕ್ಕೆ ಕೊಡಲಿ ತೋರಿಸಿ ಕಡಿದುಬಿಡುವುದಾಗಿ ಹೆದರಿಸುವುದೂ ಇದೆ. ಜೊತೆಗಿರುವವನು ಮರದ ಪರವಾಗಿ ಈ ವರ್ಷ ಬಿಡುತ್ತದೆ, ಕಡಿಯಬೇಡ ಎಂದು ಬೇಡಿಕೊಳ್ಳುತ್ತಾನೆ. ಕುಂಡದಲ್ಲಿ ನಿಂಬೆಗಿಡ ಸಾಕಿದವರಿಗೂ ಇದನ್ನು ಮಾಡಲು ಅಡ್ಡಿಯಿಲ್ಲ.

ಚರ್ಚಿನಿಂದ ಬಂದ ಮೇಲೆ ವ್ರತ ಮುಗಿಯುತ್ತದೆ, ಮಧ್ಯಾಹ್ನದ ಮೇಜಿಗೆ ಹಂದಿಮಾಂಸ ಬರುತ್ತದೆ. ಅತಿಥಿಯಾಗಿ ಹೋದ ಸಸ್ಯಾಹಾರಿಗಳು ಹಿಂದಿನ ರಾತ್ರಿಯ ಸರ್ಮಿ ಉಳಿದಿದೆಯೇ ಎಂದು ಸಂಕೋಚವಿಲ್ಲದೆ ಕೇಳಬಹುದು, ಸಾಮಾನ್ಯವಾಗಿ ಉಳಿದಿರುತ್ತದೆ. ಎದುರಾದವರಿಗೆ "ವೆಸೆಲಾ ಕೋಲೆದಾ" ಎನ್ನಿ. ಆ ಮನೆಯಲ್ಲಿ ಹ್ರಿಸ್ತೋ ಅಥವಾ ಹ್ರಿಸ್ತಿನಾ ಎಂಬ ಹೆಸರಿನವರಿದ್ದರೆ ಅಂದೇ ಅವರ ಹೆಸರಿನ ಹಬ್ಬ. ಅವರಿಗೆ "ಚೆಸ್ತಿತ್ ಇಮೆನ್ ದೆನ್" ಎಂದೂ ಹೇಳಬೇಕು.